ಆಡಲು ಬಿಡದ ಕಿವಿ

1993ರ ಡಿಸೆಂಬರ್ 10ರಂದು ಅಮೆರಿಕದ ಟೆಕ್ಸಾಸಿನ ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ‘ಡೂಮ್’ ಎಂಬ ಗೇಮನ್ನು ಹೊರಬಿಟ್ಟಿತು. ಮೊದಲ ಭಾಗ ಪುಕ್ಕಟೆ, ಹಂಚಿಕೊಳ್ಳಲು ಅಡ್ಡಿಯಿಲ್ಲ. ಫ್ಲಾಪಿಯಿಂದ ಫ್ಲಾಪಿಗೆ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಅದು ಹಬ್ಬಿತು. ಕಾಲೇಜು, ಕಚೇರಿಗಳ ಜಾಲಗಳು ಅದರ ಭಾರಕ್ಕೆ ಕುಂಟತೊಡಗಿದಾಗ ಕೆಲವೆಡೆ ನಿಷೇಧವೂ ಬಂತು. ಅಷ್ಟು ಹುಚ್ಚು ಹಿಡಿಸಿದ್ದಕ್ಕೆ ಒಂದು ಕಾರಣ ಅದರ ನೋಟ. ಅದುವರೆಗಿನ ಹೆಚ್ಚಿನ ಆಟಗಳಲ್ಲಿ ನಾಯಕ ಪರದೆಯ ಮೇಲೆ ಓಡಾಡುತ್ತಿದ್ದ, ಆಡುವವರು ಹೊರಗೆ ಕೂತು ಅವನನ್ನು ನೋಡುತ್ತಿದ್ದರು. ಡೂಮ್‌ನಲ್ಲಿ ಆಡುವವರ ಕಣ್ಣೇ ನಾಯಕನ ಕಣ್ಣು. ಓಡಿದರೆ ಎರಡೂ ಬದಿಯ ಗೋಡೆಗಳು ಹಿಂದಕ್ಕೆ ಸರಿಯುತ್ತವೆ, ಹೊರಳಿದರೆ ಇಡೀ ಕೋಣೆ ತಿರುಗುತ್ತದೆ, ಓಡುವಾಗ ಕೈಯಲ್ಲಿನ ಬಂದೂಕಿನ ಜೊತೆಗೆ ದೃಶ್ಯವೂ ತೂಗುತ್ತದೆ.

ಕೆಲವರಿಗೆ ಈ ನೋಟವೇ ಮುಳುವಾಯಿತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಹಣೆಯಲ್ಲಿ ತಣ್ಣನೆಯ ಬೆವರು, ಬಾಯಲ್ಲಿ ನೀರು, ಹೊಟ್ಟೆಯಲ್ಲಿ ತೊಳಸು. ಹಟಕ್ಕೆ ಬಿದ್ದು ಆಡಿದರೆ ವಾಂತಿ, ಆಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿ ಮಲಗುವ ಗತಿ. ಗೆಳೆಯರೆಲ್ಲ ರಾತ್ರಿಯಿಡೀ ಆಡುವ ಆಟ ಇವರಿಗೆ ಮಾತ್ರ ದಕ್ಕದು. ದೂರು ಹೇಳಿಕೊಂಡವರಿಗೆ ಸಿಕ್ಕ ಉತ್ತರಗಳು ಎರಡೇ: ನಿನಗೆ ಧೈರ್ಯ ಸಾಲದು, ಇಲ್ಲವೇ ಅಭ್ಯಾಸ ಸಾಲದು.

ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿಂಬೆಹಣ್ಣು ಮೂಸುತ್ತಾ ಕೂತವರಿಗೆ ಈ ಲಕ್ಷಣಗಳ ಪರಿಚಯ ಚೆನ್ನಾಗಿಯೇ ಇದೆ. ಆದರೆ ಘಾಟಿಯಲ್ಲಿ ಬಸ್ಸು ಹೊರಳುತ್ತದೆ, ದೇಹ ಅತ್ತಿತ್ತ ವಾಲುತ್ತದೆ. ಗೇಮ್ ಆಡುವವರು ಕುರ್ಚಿಯಿಂದ ಕದಲಿರುವುದೇ ಇಲ್ಲ. ಕದಲದ ದೇಹಕ್ಕೆ ಪ್ರಯಾಣದ ಕಾಯಿಲೆ ಹತ್ತುವುದು ಹೇಗೆ?

ಇದಕ್ಕೆ ಉತ್ತರ ಡೂಮ್ ಹುಟ್ಟುವ ಎಷ್ಟೋ ಮೊದಲೇ ಚೂರುಚೂರಾಗಿ ಸಿಕ್ಕಿತ್ತು. ಒಂದು ಚೂರು ಜಾತ್ರೆಯ ಉಯ್ಯಾಲೆಯಲ್ಲಿ, ಒಂದು ಕಿವುಡರ ಶಾಲೆಗಳಲ್ಲಿ, ಇನ್ನೊಂದು ನೌಕಾಪಡೆಯ ಪ್ರಯೋಗಶಾಲೆಯಲ್ಲಿ. ಗೇಮ್ ಮಾಡುವವರು ಆ ಕಡೆಗೆಲ್ಲ ತಲೆಹಾಕಿರಲಿಲ್ಲ ಅಷ್ಟೆ.

ಕೋಣೆಯೇ ತೂಗಿದಾಗ

1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ವಸ್ತುಪ್ರದರ್ಶನವೊಂದು ನಡೆಯಿತು. ಅಲ್ಲಿನ ಆಕರ್ಷಣೆಗಳಲ್ಲಿ ಒಂದು ‘ದೆವ್ವದ ಉಯ್ಯಾಲೆ’. ಮೇಜು ಕುರ್ಚಿಗಳಿಂದ ಸಜ್ಜಾದ ಕೋಣೆ, ಅದರ ನಡುವೆ ಹಲವರು ಒಟ್ಟಿಗೆ ಕೂರಬಹುದಾದ ಉಯ್ಯಾಲೆ. ಜನ ಕೂತ ಮೇಲೆ ಉಯ್ಯಾಲೆ ಮೆಲ್ಲಗೆ ತೂಗತೊಡಗಿ, ಎತ್ತರ ಎತ್ತರಕ್ಕೆ ಹೋಗಿ, ಕೊನೆಗೆ ಸೂರಿನ ಮೇಲಿಂದ ಪೂರ್ತಿ ಸುತ್ತು ಹೊಡೆದು ಬರುತ್ತಿತ್ತು. ಜನ ಸರಳನ್ನು ಬಿಗಿಯಾಗಿ ಹಿಡಿದು ಚೀರುತ್ತಿದ್ದರು. ಅಸಲಿಗೆ ಉಯ್ಯಾಲೆ ಇದ್ದಲ್ಲೇ ಇರುತ್ತಿತ್ತು. ಮೇಜು ಕುರ್ಚಿಗಳನ್ನು ನೆಲಕ್ಕೆ ಬಿಗಿದು, ಕೋಣೆಯನ್ನೇ ಅದರ ಸುತ್ತ ಉರುಳಿಸುತ್ತಿದ್ದರು.

ಭೌತವಿಜ್ಞಾನಿ ರಾಬರ್ಟ್ ವುಡ್ ಇದರಲ್ಲಿ ಕೂತು ಬಂದು, 1895ರಲ್ಲಿ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪುಟ್ಟ ಟಿಪ್ಪಣಿ ಬರೆದರು. ಯಂತ್ರದ ಗುಟ್ಟು ಅವರಿಗೆ ಮೊದಲೇ ತಿಳಿದಿತ್ತು. ತಿಳಿದಿದ್ದರೂ ಹೊಟ್ಟೆಯೊಳಗಿನ ಆ ಕಸಿವಿಸಿಯನ್ನು ತಡೆಯಲು ಅವರಿಂದಾಗಲಿಲ್ಲ. ತಲೆಸುತ್ತು, ವಾಕರಿಕೆಯಿಂದ ನೆಟ್ಟಗೆ ನಡೆಯಲಾರದೆ ಹೊರಬಂದವರೂ ಇದ್ದರೆಂದು ಅವರು ದಾಖಲಿಸಿದರು. ದೇಹವನ್ನು ಅಲುಗಿಸದೆ, ಕಣ್ಣಿಗೆ ಮಾತ್ರ ಚಲನೆ ತೋರಿಸಿ ಮನುಷ್ಯನಿಗೆ ವಾಕರಿಕೆ ತರಿಸಬಹುದು, ಮೋಸವೆಂದು ಗೊತ್ತಿದ್ದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ ಎಂಬ ಎರಡು ಸಂಗತಿಗಳು ಅಂದೇ ಕಾಗದಕ್ಕೆ ಇಳಿದವು. ‘ಅದು ಬರೀ ಗೇಮು ಕಣೋ’ ಎಂಬ ಸಮಾಧಾನ ಏಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿತ್ತು.

ತಲೆ ಸುತ್ತದವರು

ದೇಹದ ಸಮತೋಲವನ್ನು ಕಾಯುವ ಅಂಗ ಒಳಕಿವಿಯಲ್ಲಿದೆ ಎಂಬುದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಪಾರಿವಾಳಗಳಿಂದ. 1820ರ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಫ್ಲೋರೆನ್ಸ್ ಪಾರಿವಾಳದ ಒಳಕಿವಿಯ ಅರೆವೃತ್ತದ ನಾಳಗಳನ್ನು ಕತ್ತರಿಸಿದಾಗ, ಯಾವ ನಾಳ ಕತ್ತರಿಸಿದರೋ ಆ ದಿಕ್ಕಿನಲ್ಲಿ ಹಕ್ಕಿ ತಲೆ ತಿರುಗಿಸತೊಡಗಿತು. ಐವತ್ತು ವರ್ಷಗಳ ನಂತರ, 1873ರಿಂದ 1875ರ ನಡುವೆ, ಎರ್ನ್ಸ್ಟ್ ಮಾಖ್, ಜೋಸೆಫ್ ಬ್ರಾಯರ್, ಅಲೆಕ್ಸಾಂಡರ್ ಕ್ರಮ್ ಬ್ರೌನ್ ಎಂಬ ಮೂವರು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯಾಗಿ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದರು. ಪ್ರತಿ ಕಿವಿಯಲ್ಲೂ ಮೂರು ದಿಕ್ಕಿಗೆ ಬಾಗಿದ ಮೂರು ನಾಳಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ಹೊರಳಿದಾಗ ದ್ರವ ಒಂದು ಕ್ಷಣ ಹಿಂದುಳಿಯುತ್ತದೆ. ಆ ಹಿಂದುಳಿಕೆಯೇ ಮಿದುಳಿಗೆ ‘ತಿರುಗುತ್ತಿದ್ದೇವೆ’ ಎಂಬ ಸುದ್ದಿ.

ಹಾಗಾದರೆ ಈ ನಾಳಗಳು ಕೆಟ್ಟವರ ಕತೆಯೇನು? ಹಾರ್ವರ್ಡ್‌ನ ವಿಲಿಯಂ ಜೇಮ್ಸ್ ಕೇಳಿದ್ದು ಈ ಪ್ರಶ್ನೆಯನ್ನು. ಕಿವುಡರಲ್ಲಿ ಹಲವರಿಗೆ ಒಳಕಿವಿ ಪೂರ್ತಿ ಹಾಳಾಗಿರುವುದರಿಂದ ಅವರಿಗೆ ತಲೆಸುತ್ತೂ ಬರಬಾರದು ಎಂದು ಅವರು ತರ್ಕಿಸಿದರು. 1882ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ 519 ಮಂದಿ ಕಿವುಡರ ಲೆಕ್ಕವಿತ್ತು. ಗಿರಗಿರನೆ ಸುತ್ತಿಸಿದರೂ 186 ಮಂದಿಗೆ ತಲೆಸುತ್ತು ಎಂಬುದೇ ಇಲ್ಲ. ಹಾರ್ವರ್ಡ್‌ನ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ ಸುಮಾರು 200 ಜನರನ್ನು ಪರೀಕ್ಷಿಸಿದರೆ ಪಾರಾದವನು ಒಬ್ಬನೇ ಒಬ್ಬ.

ಜೇಮ್ಸ್ ಹಿಡಿದ ದಾರಿ ಗಮನಿಸುವಂಥದ್ದು. ರೋಗ ಬಂದವರನ್ನು ಎಷ್ಟು ನೋಡಿದರೂ ಸಿಗದ ಉತ್ತರ, ಬಾರದವರನ್ನು ನೋಡಿದಾಗ ಸಿಕ್ಕಿತು. ಮುಂದೆ ಅಮೆರಿಕದ ನೌಕಾಪಡೆ ನಡೆದದ್ದೂ ಇದೇ ದಾರಿಯಲ್ಲಿ.

ಇಸ್ಪೀಟು ಆಡಿದ ಹನ್ನೊಂದು ಮಂದಿ

1950ರ ದಶಕದ ಕೊನೆ. ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ಸಿದ್ಧತೆ ನಡೆದಿತ್ತು. ತೂಕವೇ ಇಲ್ಲದ ಕಡೆ ದೇಹ ಹೇಗೆ ವರ್ತಿಸುತ್ತದೆ ಎಂಬುದು ಯಾರಿಗೂ ತಿಳಿಯದು. ಫ್ಲಾರಿಡಾದ ಪೆನ್ಸಕೋಲಾದಲ್ಲಿದ್ದ ನೌಕಾಪಡೆಯ ವೈಮಾನಿಕ ವೈದ್ಯಕೀಯ ಶಾಲೆಯ ಆಶ್ಟನ್ ಗ್ರೇಬಿಯಲ್, ವಾಷಿಂಗ್ಟನ್‌ನ ಕಿವುಡರ ಕಾಲೇಜಾದ ಗ್ಯಾಲೊಡೆಟ್‌ನಿಂದ 11 ಮಂದಿ ಗಂಡಸರನ್ನು ಆರಿಸಿಕೊಂಡರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಚಿಕ್ಕಂದಿನಲ್ಲಿ ಮಿದುಳುಪೊರೆಯ ಉರಿಯೂತ ಬಂದು ಕಿವಿ ಕಳೆದುಕೊಂಡವರು. ಕೇಳುವ ಶಕ್ತಿಯ ಜೊತೆಗೆ ಸಮತೋಲದ ಅಂಗವೂ ಹೋಗಿತ್ತು.

ಸುಮಾರು ಹತ್ತು ವರ್ಷ ಅವರ ಮೇಲೆ ನಡೆಯದ ಪ್ರಯೋಗವಿಲ್ಲ. ನಿಧಾನವಾಗಿ ಸುತ್ತುತ್ತಲೇ ಇರುವ 20 ಅಡಿಯ ಕೋಣೆಯೊಂದರಲ್ಲಿ ಅವರಲ್ಲಿ ನಾಲ್ವರು 12 ದಿನ ಇದ್ದರು. ಕ್ಷಣಕಾಲ ತೂಕವಿಲ್ಲದಂತೆ ಮಾಡುವ ವಿಮಾನದಲ್ಲಿ ಹಾರಿದರು. ಕೆನಡಾದ ನೋವಾ ಸ್ಕೋಷಿಯಾದ ಬಳಿ ಅಬ್ಬರದ ಕಡಲಿಗೆ ಅವರನ್ನು ಹಡಗಿನಲ್ಲಿ ಕರೆದೊಯ್ದಾಗ ಆದದ್ದು ತಮಾಷೆಯ ಪ್ರಸಂಗ. ಪರೀಕ್ಷೆಗೆ ಒಳಗಾದವರು ನಿಶ್ಚಿಂತೆಯಿಂದ ಇಸ್ಪೀಟು ಆಡುತ್ತಾ ಕೂತರು, ಪರೀಕ್ಷಿಸಲು ಬಂದ ವಿಜ್ಞಾನಿಗಳು ವಾಂತಿ ಮಾಡಿ ಮಾಡಿ ಸುಸ್ತಾದರು. ಕೊನೆಗೆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಕಡಲಿನಲ್ಲಿ ಹೊಟ್ಟೆ ಕೆಡುವುದು ಹೊಟ್ಟೆಯ ದೋಷದಿಂದಲ್ಲ, ಮನಸ್ಸಿನ ಅಳುಕಿನಿಂದಲೂ ಅಲ್ಲ. ಕೆಲಸ ಮಾಡುವ ಒಳಕಿವಿ ಇಲ್ಲದಿದ್ದರೆ ಆ ಕಾಯಿಲೆಯೇ ಇಲ್ಲ. ಹಾಗಾಗಿ ಗೇಮ್ ಆಡಲಾಗದೆ ಒದ್ದಾಡುವವರಿಗೆ ‘ನಿನ್ನಲ್ಲೇನೋ ಕೊರತೆಯಿದೆ’ ಎನ್ನುವುದು ಪೂರಾ ತಿರುವುಮುರುವು. ಅವರ ಕಿವಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅವರ ವಾಕರಿಕೆಯೇ ಸಾಕ್ಷಿ.

ಅನುಭವಿಗಳಿಗೇ ಹೆಚ್ಚು

ಇದೇ ಹೊತ್ತಿಗೆ ಅದೇ ನೌಕಾಪಡೆಗೆ ಇನ್ನೊಂದು ಒಗಟು ಎದುರಾಗಿತ್ತು. ಹೆಲಿಕಾಪ್ಟರ್ ಹಾರಿಸುವುದನ್ನು ನೆಲದ ಮೇಲೇ ಕಲಿಸಲು ಬೆಲ್ ಕಂಪನಿ ಒಂದು ಸಿಮ್ಯುಲೇಟರ್ ಮಾಡಿತ್ತು. ಪೈಲಟ್ ಕೂರುವ ಜಾಗದ ಮುಂದೆ ದೊಡ್ಡ ಪರದೆ, ಅದರ ಮೇಲೆ ಕೆಳಗಿನ ನೆಲದ ಚಿತ್ರ. ಒಂದರ್ಥದಲ್ಲಿ ಡೂಮ್‌ನ ಅಜ್ಜ. 1957ರಲ್ಲಿ ಹ್ಯಾವ್ರನ್ ಮತ್ತು ಬಟ್ಲರ್ ಎಂಬಿಬ್ಬರು ಬರೆದ ವರದಿಯಲ್ಲಿ, ಇದನ್ನು ಬಳಸಿದವರಲ್ಲಿ ಹೆಚ್ಚಿನವರು ತಲೆಸುತ್ತು, ವಾಕರಿಕೆಯ ದೂರು ಕೊಟ್ಟಿದ್ದರು. ಹಿಂದೆಯೇ ಮಿಲ್ಲರ್ ಮತ್ತು ಗುಡ್ಸನ್ ನಡೆಸಿದ ಅಧ್ಯಯನ ಇನ್ನೂ ಬೆರಗಿನದು. ಆಗಷ್ಟೇ ಕಲಿಯುತ್ತಿದ್ದವರಲ್ಲಿ ಶೇ. 12 ಮಂದಿಗೆ ತೊಂದರೆಯಾದರೆ, ಅವರಿಗೆ ಕಲಿಸುವ ಪಳಗಿದ ಪೈಲಟ್‌ಗಳಲ್ಲಿ ಶೇ. 60 ಮಂದಿಗೆ ತೊಂದರೆಯಾಗಿತ್ತು.

ಕಣ್ಣು ಹೇಳುವುದಕ್ಕೂ ಕಿವಿ ಹೇಳುವುದಕ್ಕೂ ತಾಳೆಯಾಗದಿದ್ದರೆ ಕಾಯಿಲೆ ಎಂದಷ್ಟೇ ಆಗಿದ್ದರೆ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಬರಬೇಕಿತ್ತು. 1975ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್, ಜೆ. ಜೆ. ಬ್ರ್ಯಾಂಡ್ ಅವರೊಂದಿಗೆ ಬರೆದ ಪುಸ್ತಕದಲ್ಲಿ ಈ ಗಂಟು ಸಡಿಲವಾಯಿತು. ಮಿದುಳು ಕಣ್ಣು ಕಿವಿಗಳ ವರದಿಯನ್ನು ಒಂದರೊಡನೊಂದು ಹೋಲಿಸಿ ಸುಮ್ಮನಾಗುವುದಿಲ್ಲ. ‘ಹೀಗೆ ಕಂಡಾಗ ಹೀಗೆ ಅನಿಸಬೇಕು’ ಎಂದು ಹಿಂದಿನ ಅನುಭವದಿಂದ ಕಲಿತ ಲೆಕ್ಕದೊಡನೆಯೂ ತಾಳೆ ನೋಡುತ್ತದೆ. ಪಳಗಿದ ಪೈಲಟ್‌ನ ಮಿದುಳಿಗೆ ಹೆಲಿಕಾಪ್ಟರ್ ವಾಲಿದಾಗ ಮೈಗೆ ಏನಾಗಬೇಕೆಂದು ಚೆನ್ನಾಗಿ ಗೊತ್ತು. ಸಿಮ್ಯುಲೇಟರಿನಲ್ಲಿ ಅದು ಆಗದಿದ್ದಾಗ ಅವನ ಲೆಕ್ಕವೇ ಹೆಚ್ಚು ತಪ್ಪಿತು. ಕಲಿಯುವವನಿಗೆ ಆ ಲೆಕ್ಕ ಇನ್ನೂ ಕೂಡಿರಲಿಲ್ಲ.

ಗೇಮಿಗೆ ಒಗ್ಗಿಕೊಳ್ಳುವವರ ಗುಟ್ಟೂ ಇದೇ. ಅವರ ಮಿದುಳು ಪರದೆಗೆಂದೇ ಹೊಸ ಲೆಕ್ಕ ಬರೆದುಕೊಳ್ಳುತ್ತದೆ. ಘಾಟಿಯಲ್ಲಿ ಚಾಲಕನಿಗೆ ತಲೆ ಸುತ್ತದಿರುವುದಕ್ಕೂ ಇದೇ ವಿವರಣೆ ಹೊಂದುತ್ತದೆ: ಮುಂದಿನ ತಿರುವನ್ನು ತೆಗೆದುಕೊಳ್ಳುವವನು ಅವನೇ. ಮಿನೆಸೋಟ ವಿಶ್ವವಿದ್ಯಾಲಯದವರು ಒಬ್ಬರಿಂದ ಕಾರಿನ ಗೇಮ್ ಆಡಿಸಿ, ಆ ಆಟದ ದೃಶ್ಯವನ್ನೇ ಇನ್ನೊಬ್ಬರಿಗೆ ಸುಮ್ಮನೆ ತೋರಿಸಿದಾಗಲೂ ಕಾಯಿಲೆ ಹೆಚ್ಚು ಕಾಡಿದ್ದು ನೋಡುತ್ತಾ ಕೂತವರನ್ನು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಲೆಕ್ಕ ತಪ್ಪಿದರೆ ತಪ್ಪಲಿ, ಅದಕ್ಕೆ ವಾಂತಿ ಏಕೆ? ಆಕ್ಸ್‌ಫರ್ಡ್‌ನ ಮಿಶೆಲ್ ಟ್ರೈಸ್ಮನ್ 1977ರಲ್ಲಿ ಒಂದು ಊಹೆ ಮುಂದಿಟ್ಟರು. ಬಸ್ಸು, ಹಡಗು, ಪರದೆ ಯಾವುದೂ ಇಲ್ಲದ ಕಾಲದಲ್ಲಿ ಕಣ್ಣು ಕಿವಿಗಳ ಹೊಂದಾಣಿಕೆ ಕೆಡುತ್ತಿದ್ದದ್ದು ಬಹುಮಟ್ಟಿಗೆ ವಿಷದ ಸೊಪ್ಪು, ಕಾಯಿ ತಿಂದಾಗ. ಆಗ ತಿಂದದ್ದನ್ನು ಹೊರಹಾಕಿದವರು ಬದುಕಿಕೊಂಡರು. ಆ ಹಳೆಯ ಏರ್ಪಾಡು ಈಗಲೂ ನಮ್ಮೊಳಗಿದೆ. ಡೂಮ್ ಕಂಡ ಮಿದುಳು ‘ಏನೋ ವಿಷ ತಿಂದಿದ್ದಾನೆ’ ಎಂದುಕೊಳ್ಳುತ್ತದೆ. 1983ರಲ್ಲಿ ಮನಿ ಮತ್ತು ಚೆಯುಂಗ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಬೆಂಬಲ ಕೊಟ್ಟಿತು: ಒಳಕಿವಿಯ ಸಮತೋಲದ ಅಂಗ ತೆಗೆದ ನಾಯಿಗಳು ಕೆಲವು ವಿಷಗಳಿಗೂ ಮೊದಲಿನಷ್ಟು ವಾಂತಿ ಮಾಡಲಿಲ್ಲ.

ಎಲ್ಲರೂ ಇದನ್ನು ಒಪ್ಪಿಲ್ಲ. ಟಾಮ್ ಸ್ಟಾಫ್ರೆಗನ್ ಮತ್ತು ಗ್ಯಾರಿ ರಿಚಿಯೊ 1991ರಲ್ಲಿ ಬೇರೊಂದು ವಾದ ಹೂಡಿದರು. ಕಣ್ಣು ಕಿವಿಗಳ ಜಗಳಕ್ಕಿಂತ, ದೇಹವನ್ನು ನೆಟ್ಟಗೆ ಹಿಡಿದುಕೊಳ್ಳಲು ಆಗದಿರುವುದೇ ಮೂಲ ಎಂಬುದು ಅವರ ನಿಲುವು. ವಾಕರಿಕೆ ಶುರುವಾಗುವ ಮೊದಲೇ ಆಟಗಾರರ ಮೈಯ ಓಲಾಟ ಬೇರೆಯಾಗುತ್ತದೆ ಎಂದು ಅವರ ಬಳಗದ ಅಳತೆಗಳು ತೋರಿಸಿವೆ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಚುಕ್ಕೆಯಿಂದ ಹೆಡ್‌ಸೆಟ್‌ವರೆಗೆ

ಗೇಮ್‌ಗಳ ಲೋಕ ಈ ತಿಳಿವಳಿಕೆಯನ್ನು ಬಹಳ ಕಾಲ ಮುಟ್ಟಲೇ ಇಲ್ಲ. ಆಟಗಾರರೇ ತಡಕಾಡಿ ದಾರಿ ಹುಡುಕಿಕೊಂಡರು. 2004ರ ‘ಹಾಫ್-ಲೈಫ್ 2’ ಅಪಾರ ಮೆಚ್ಚುಗೆ ಪಡೆದ ಗೇಮು, ಹಲವರ ಹೊಟ್ಟೆ ಕೆಡಿಸಿದ ಗೇಮು ಕೂಡ. ಅದರಲ್ಲಿ ಕಾಣುವ ನೋಟದ ಅಗಲ 75 ಡಿಗ್ರಿ ಇತ್ತು. ಅದನ್ನು 90ಕ್ಕೆ ಏರಿಸಿದರೆ ಹಲವರಿಗೆ ವಾಕರಿಕೆ ತಗ್ಗುತ್ತದೆ ಎಂಬ ಸಂಗತಿ ಬಾಯಿಂದ ಬಾಯಿಗೆ ಹರಡಿತು. ಮಾನಿಟರಿಗೆ ಹತ್ತಿರ ಕೂತವರಿಗೆ ಇಕ್ಕಟ್ಟಾದ ನೋಟ ದುರ್ಬೀನಿನಿಂದ ಕಂಡಂತಾಗಿ, ಚೂರು ಹೊರಳಿದರೂ ದೃಶ್ಯ ಭರ್ರನೆ ಸರಿಯುತ್ತದೆ. 2008ರ ‘ಮಿರರ್ಸ್ ಎಡ್ಜ್’ನಲ್ಲಿ ನಾಯಕಿ ಮಹಡಿಯಿಂದ ಮಹಡಿಗೆ ಜಿಗಿಯುತ್ತಾ, ಉರುಳುತ್ತಾ ಓಡಬೇಕು. ಅದನ್ನು ಮಾಡಿದವರು ಪರದೆಯ ನಟ್ಟನಡುವೆ ಒಂದು ಸಣ್ಣ ಚುಕ್ಕೆ ಇಟ್ಟರು. ಬಂದೂಕಿನ ಗುರಿಗಲ್ಲ, ಕಣ್ಣಿಗೆ ಆನಿಕೆ ಕೊಡಲು.

ಪರಿಸ್ಥಿತಿ ನಿಜಕ್ಕೂ ಬದಲಾದದ್ದು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಬಂದ ಮೇಲೆ. 2012ರಲ್ಲಿ ಆಕ್ಯುಲಸ್ ಕಂಪನಿ ಜನರಿಂದಲೇ ಹಣ ಕೂಡಿಸಿ ಹೆಡ್‌ಸೆಟ್ ಮಾಡಹೊರಟಿತು. ಮೊದಲ ಮಾದರಿಗೆ ತಲೆ ತಿರುಗಿದ್ದು ಗೊತ್ತಾಗುತ್ತಿತ್ತು, ಮುಂದಕ್ಕೆ ಬಾಗಿದ್ದು ಗೊತ್ತಾಗುತ್ತಿರಲಿಲ್ಲ. ಈಗ ಕಾಯಿಲೆ ಕೆಲವರ ಪಾಲಿಗಷ್ಟೇ ಉಳಿಯಲಿಲ್ಲ, ಮಾಡಿದವರನ್ನೂ ಹಿಡಿಯಿತು. ಡೂಮ್‌ನ ಎಂಜಿನ್ ಬರೆದ ಜಾನ್ ಕಾರ್ಮ್ಯಾಕ್ 2013ರಲ್ಲಿ ಆಕ್ಯುಲಸ್ ಸೇರಿದರು. ಅವರು ಬೆನ್ನು ಹತ್ತಿದ್ದು ವಿಳಂಬವನ್ನು: ತಲೆ ತಿರುಗಿಸಿದ ಕ್ಷಣಕ್ಕೂ ಆ ತಿರುಗಿದ ನೋಟ ಕಣ್ಣಿಗೆ ಬೀಳುವ ಕ್ಷಣಕ್ಕೂ ನಡುವಿನ ಅಂತರ ಸುಮಾರು 20 ಮಿಲಿಸೆಕೆಂಡಿನೊಳಗೆ ಇರಬೇಕು ಎಂಬುದು ಗುರಿ. 2014ರ ಎರಡನೆಯ ಮಾದರಿಗೆ ಬಾಗುವುದನ್ನೂ ಗುರುತಿಸುವ ಕ್ಯಾಮೆರಾ ಸೇರಿತು.

ವಿಳಂಬ ಕಡಿಮೆಯಾದರೂ ಮೂಲ ತೊಡಕು ಹಾಗೇ ಉಳಿಯಿತು. ಹೆಡ್‌ಸೆಟ್ಟಿನೊಳಗೆ ಬಟನ್ ಒತ್ತಿ ಓಡಿದರೆ ಕಣ್ಣು ಓಡುತ್ತದೆ, ಕಿವಿ ಕೂತಿರುತ್ತದೆ. ಇಲ್ಲಿ ನೆರವಿಗೆ ಬಂದದ್ದು ಮತ್ತೆ ಹಳೆಯ ಪ್ರಯೋಗವೇ. ‘ನಾನು ಚಲಿಸುತ್ತಿದ್ದೇನೆ’ ಎಂಬ ಭಾವ ಹುಟ್ಟುವುದು ನೇರ ನೋಟಕ್ಕಿಂತ ಕಣ್ಣಂಚಿನಲ್ಲಿ ಸರಿಯುವ ದೃಶ್ಯದಿಂದಲೇ ಹೆಚ್ಚು ಎಂದು ಜರ್ಮನಿಯ ಬ್ರಾಂಟ್, ಡಿಖ್‌ಗಾನ್ಸ್, ಕ್ಯೋನಿಗ್ 1973ರಲ್ಲೇ ತೋರಿಸಿದ್ದರು. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಜೋಯ್ ಫರ್ನಾಂಡಿಸ್ ಮತ್ತು ಸ್ಟೀವನ್ ಫೈನರ್, ಆಟಗಾರ ಚಲಿಸುವಾಗ ಮಾತ್ರ ನೋಟದ ಅಂಚುಗಳನ್ನು ಮೆಲ್ಲಗೆ ಕಪ್ಪಾಗಿಸಿ, ನಿಂತಾಗ ಮತ್ತೆ ತೆರೆಯುವ ಉಪಾಯ ಮಾಡಿದರು. ಆಡಿದವರಿಗೆ ವಾಕರಿಕೆ ಕಡಿಮೆಯಾಯಿತು, ಅಂಚು ಕಪ್ಪಾದದ್ದು ಹೆಚ್ಚಿನವರ ಗಮನಕ್ಕೇ ಬರಲಿಲ್ಲ. ಅದೇ ವರ್ಷ ಬಂದ ‘ಗೂಗಲ್ ಅರ್ಥ್ ವಿಆರ್’ ಕೂಡ ಹಾರುವಾಗ ಅಂಚು ಮುಚ್ಚುವ ಇಂಥದೇ ಏರ್ಪಾಡಿನೊಂದಿಗೆ ಬಂತು. 2020ರ ‘ಹಾಫ್-ಲೈಫ್: ಆಲಿಕ್ಸ್’ ಓಡುವುದನ್ನೇ ಬಿಟ್ಟು, ತೋರಿಸಿದ ಜಾಗಕ್ಕೆ ಥಟ್ಟನೆ ಹೋಗಿ ನಿಲ್ಲುವ ಆಯ್ಕೆಯನ್ನೂ ಕೊಟ್ಟಿತು. ನಡುವೆ ಚಲನೆಯೇ ಕಾಣದಿದ್ದರೆ ಕಿವಿಗೆ ತಕರಾರಿಲ್ಲ.

ಮಾನಿಟರಿನಲ್ಲಿ ನೋಟ ಅಗಲವಾದರೆ ಹಿತ, ಹೆಡ್‌ಸೆಟ್ಟಿನಲ್ಲಿ ಕಿರಿದಾದರೆ ಹಿತ. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ, ಆದರೆ ಎರಡರ ಉದ್ದೇಶವೂ ಕಿವಿ ಒಪ್ಪದ ಚಲನೆಯನ್ನು ಕಣ್ಣಿಗೆ ಕಡಿಮೆ ಮಾಡುವುದೇ.

ಈ ವಿದ್ಯೆಯ ಒಂದು ಮನೆ ನಮ್ಮ ಬೆಂಗಳೂರಿನಲ್ಲೂ ಇದೆ. ಭಾರತೀಯ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಲ್ಲಿ, ಹೆಲಿಕಾಪ್ಟರ್ ಸಿಮ್ಯುಲೇಟರಿನ ವರದಿ ಬಂದ ವರ್ಷವೇ, ಇಲ್ಲಿ ಶುರುವಾಯಿತು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಭಾರತದ ‘ಗಗನಯಾನ’ ಯೋಜನೆಗೆ ಪೈಲಟ್‌ಗಳನ್ನು ಆರಿಸಿದ್ದೂ ಇಲ್ಲೇ. ಪೈಲಟ್‌ಗೆ ತಲೆ ಸುತ್ತಿದರೆ ಅದನ್ನು ಗುಣದ ದೋಷವೆಂದು ಇಂಥ ಕಡೆಗಳಲ್ಲಿ ಬಯ್ಯುವುದಿಲ್ಲ, ಅಳೆಯುತ್ತಾರೆ, ಮೆಲ್ಲಗೆ ಒಗ್ಗಿಸುತ್ತಾರೆ. ಗೇಮ್ ಆಡುವವರಿಗೆ ಆ ಮರ್ಯಾದೆ ಸಿಗಲು ಡೂಮ್ ಬಂದ ಮೇಲೆ ಇಪ್ಪತ್ತು ವರ್ಷ ಹಿಡಿಯಿತು. ಕಾಯಿಲೆ ಕೆಲವರದ್ದಾಗಿದ್ದಷ್ಟು ಕಾಲ ಅದು ಅವರ ಕೊರತೆ ಎನಿಸಿತ್ತು. ಹೆಡ್‌ಸೆಟ್ ಮಾರಾಟಕ್ಕೆ ಅಡ್ಡಬಂದಾಗ ಅದು ಎಂಜಿನಿಯರುಗಳ ಸಮಸ್ಯೆಯಾಯಿತು.

ಇಂದು ‘ಮೈನ್‌ಕ್ರಾಫ್ಟ್’ ಆಡುವ ಮಗು ಹೊಟ್ಟೆ ತೊಳಸುತ್ತದೆ ಎಂದರೆ ಮಾಡಬೇಕಾದದ್ದು ಕಷ್ಟದ್ದಲ್ಲ. ಸೆಟ್ಟಿಂಗ್ಸ್‌ನಲ್ಲಿ ನಡಿಗೆಯೊಡನೆ ದೃಶ್ಯ ತೂಗುವುದನ್ನು ಆಫ್ ಮಾಡಿ, ನೋಟದ ಅಗಲ ಹೆಚ್ಚಿಸಿ. ಕೋಣೆಯ ದೀಪ ಉರಿಯಲಿ, ಪರದೆಯಿಂದ ದೂರ ಕೂರಿಸಿ, ಕಂಟ್ರೋಲರು ಅದರ ಕೈಯಲ್ಲೇ ಇರಲಿ. ಮೊದಲ ಬೆವರು ಕಾಣುತ್ತಲೇ ನಿಲ್ಲಿಸಬೇಕು, ಹಟ ಹಿಡಿದು ಮುಂದುವರಿಸಬಾರದು. ಮರುದಿನ ಸ್ವಲ್ಪ, ಅದರ ಮರುದಿನ ಇನ್ನೂ ಸ್ವಲ್ಪ ಆಡಿದರೆ ಎಷ್ಟೋ ಜನಕ್ಕೆ ಒಗ್ಗುತ್ತದೆ. ಇಷ್ಟಾಗಿಯೂ ಒಗ್ಗದವರು ಇದ್ದೇ ಇರುತ್ತಾರೆ. ಅವರು ಮೇಲಿನಿಂದ ನೋಡಿ ಆಡುವ ಗೇಮ್‌ಗಳನ್ನು ಆರಿಸಿಕೊಳ್ಳಲಿ. ಪೂರ್ತಿ ವಿನಾಯಿತಿ ಪಡೆದವರು ಆ ಹನ್ನೊಂದು ಮಂದಿಯಂಥವರು, ಅದಕ್ಕೆ ಅವರು ತೆತ್ತ ಬೆಲೆ ಯಾರೂ ಬಯಸಿ ಕೊಡುವಂಥದ್ದಲ್ಲ.